ಗುಣವಾದದ್ದು ಯಾರಿಂದ?

ಲಕ್ವ ಹೊಡೆದ 42ನೆಯ ದಿನ ಅಪ್ಪನ ಎಡಗೈ ಹೆಬ್ಬೆರಳು ಅಲುಗಿತು. ದಿನದ ಲೆಕ್ಕ ಇಟ್ಟಿದ್ದವರು ಅಪ್ಪನೇ. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವರು. ಹಾಸಿಗೆ ಹಿಡಿದ ಮೇಲೂ ದಿಂಬಿನ ಪಕ್ಕ ಕ್ಯಾಲೆಂಡರ್ ಇಟ್ಟುಕೊಂಡು ಬಲಗೈಯಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದರು. ಆವತ್ತು ಬೆಳಿಗ್ಗೆ ಅಮ್ಮ ಕಾಫಿ ತಂದಾಗ ಅವರು ಮಾತಾಡಲಿಲ್ಲ. ಕಣ್ಣಲ್ಲೇ ಎಡಗೈ ಕಡೆ ತೋರಿಸಿದರು. ಹೆಬ್ಬೆರಳು ಒಂದು ಅಕ್ಕಿಕಾಳಿನಷ್ಟು ಒಳಕ್ಕೆ ಬಾಗಿ, ಮತ್ತೆ ಹಿಂದಕ್ಕೆ ಬಂತು. ಅಮ್ಮ ಅತ್ತುಬಿಟ್ಟರು. ನಾನೂ ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಹೇಳಿದ ಮೊದಲ ಮಾತು: “ಸೂಜಿ ಕೆಲಸ ಮಾಡ್ತು ಕಣೋ.”

ಆ ಮಾತು ಕೇಳಿ ನನಗೆ ಹೆಮ್ಮೆಯೇ ಆಯಿತು. ಅಕ್ಯುಪಂಕ್ಚರಿಗೆ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದವನು ನಾನೇ ತಾನೆ! ಆದರೆ ಮುಂದಿನ ಒಂದು ವರ್ಷದಲ್ಲಿ ಆ ಮಾತು ನಮ್ಮ ಮನೆಯ ಹೊಸ್ತಿಲು ದಾಟಿ ಬೀದಿಗೆ ಇಳಿಯಿತು, ಇನ್ನೊಂದು ಮನೆಯ ಒಳಗೂ ಹೋಯಿತು. ಅಲ್ಲಿ ಅದು ಏನು ಮಾಡಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ಅಂದಿನಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡಬೇಕು. ಗುಣವಾದ ಮನುಷ್ಯ ‘ನನ್ನನ್ನು ಉಳಿಸಿದ್ದು ಇದು’ ಎಂದು ಹೇಳುವಾಗ ಅವನು ಕೃತಜ್ಞತೆ ಹೇಳುತ್ತಿರುತ್ತಾನೋ, ಸಾಕ್ಷಿ ಹೇಳುತ್ತಿರುತ್ತಾನೋ? ಕೃತಜ್ಞತೆ ಹೇಳುವುದಕ್ಕೆ ಪುರಾವೆ ಬೇಡ. ಸಾಕ್ಷಿ ಹೇಳುವುದಕ್ಕೆ ಬೇಕು. ನಾವು ಮಾತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ.

ಸೂಜಿ ಚಿಕಿತ್ಸೆ ಶುರುವಾದದ್ದು ಮೂರನೆಯ ವಾರದಲ್ಲಿ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರರೋಗ ತಜ್ಞರು ಮಾತ್ರೆಗಳ ಚೀಟಿ ಕೊಟ್ಟು, “ಫಿಸಿಯೋಥೆರಪಿ ಬಿಡಬೇಡಿ, ಇನ್ನು ಕಾಲವೇ ಮಾಡಬೇಕು” ಎಂದಿದ್ದರು. ಕಾಲವೇ ಮಾಡಬೇಕು ಎನ್ನುವ ಮಾತನ್ನು ಮನೆಯವರು ಕೇಳಿಸಿಕೊಳ್ಳುವ ರೀತಿ ಬೇರೆ. ನಮಗೆ ಅದು ‘ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಕೇಳಿಸಿತು. ಹಾಗಿರುವಾಗ ಏನಾದರೂ ಮಾಡುವವರು ಬೇಕೆನ್ನಿಸುತ್ತದೆ. ಮೈಸೂರಿನ ಒಂದು ಮಹಡಿಯ ಮೇಲಿನ ಪುಟ್ಟ ಕ್ಲಿನಿಕ್ಕಿಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋದೆವು. ಗೋಡೆಯ ಮೇಲೆ ಮನುಷ್ಯನ ಚಿತ್ರ, ಮೈತುಂಬ ಗೆರೆಗಳು, ಗೆರೆಗಳ ಮೇಲೆ ಚುಕ್ಕೆಗಳು, ಚೀನೀ ಅಕ್ಷರಗಳು. ಅದರ ಕೆಳಗೆ ‘5000 ವರ್ಷಗಳ ಪ್ರಾಚೀನ ವಿಜ್ಞಾನ’ ಎಂಬ ಫಲಕ.

ಆ ವೈದ್ಯರು ಒಳ್ಳೆಯ ಮನುಷ್ಯ. ಸೂಜಿ ಹಾಕುವ ಮೊದಲು ಅಪ್ಪನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕೂತರು. ನಿದ್ದೆ ಹೇಗೆ, ಹಸಿವು ಹೇಗೆ, ಪಾಠ ಮಾಡುವಾಗ ಬೋರ್ಡಿಗೆ ಯಾವ ಕೈಯಲ್ಲಿ ಬರೆಯುತ್ತಿದ್ದಿರಿ ಎಂದು ಕೇಳಿದರು. ಮೂರು ವಾರದಿಂದ ಆ ಕೈಯನ್ನು ನಾವೆಲ್ಲ ಒಂದು ವಸ್ತುವಿನಂತೆ ಎತ್ತಿಡುತ್ತಿದ್ದೆವು. ಅದು ಒಬ್ಬ ಮನುಷ್ಯನ ಕೈ ಎಂಬಂತೆ ಅವರು ಹಿಡಿದುಕೊಂಡಿದ್ದರು. ಆಮೇಲೆ ಕೂದಲೆಳೆಯಂಥ ಸೂಜಿಗಳು. ಹೆಬ್ಬೆರಳು ತೋರುಬೆರಳುಗಳ ನಡುವಿನ ‘ಹೆಗು’, ಮಣಿಕಟ್ಟಿನ ಒಳಬದಿಯ ‘ನೈಗುವಾನ್’, ಮೊಣಕಾಲ ಕೆಳಗಿನ ‘ಝುಸಾನ್ಲಿ’. ಸೂಜಿಯನ್ನು ಮೆಲ್ಲಗೆ ತಿರುವಿದಾಗ ಒಳಗೊಳಗೇ ಒಂದು ಭಾರ, ಜೋಮು ಹರಡಿದಂತಾಗುತ್ತದೆ. ಚೀನೀಯರು ಅದನ್ನು ‘ದೆ ಚಿ’ ಎನ್ನುತ್ತಾರೆ. ‘ಚಿ’, ಅಂದರೆ ಪ್ರಾಣಶಕ್ತಿ, ಬಂದು ಸೇರಿತು ಎಂದರ್ಥ. ಮೊದಲ ದಿನ ಅಪ್ಪನಿಗೆ ಬಲಗಡೆ ಮಾತ್ರ ಹಾಗೆ ಅನ್ನಿಸಿತು. ಎಡಗಡೆ ಏನೂ ಇಲ್ಲ. ವಾರಕ್ಕೆ ಮೂರು ಸಲ ಹೋದೆವು.

ನಾನು ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದೆ. ರಾತ್ರಿ ಅಪ್ಪನ ಪಕ್ಕ ಕೂತು ಈ ಚೀನೀ ವೈದ್ಯದ ಬಗ್ಗೆ ಓದತೊಡಗಿದೆ. ಮೊದಲು ಸಿಕ್ಕ ಸಂಗತಿಯೇ ಆಶ್ಚರ್ಯ ತಂದಿತು. ಲಕ್ವಕ್ಕೆ ಚೀನೀಯರ ಹಳೆಯ ಹೆಸರು ‘ಝೊಂಗ್‌ಫೆಂಗ್’, ಗಾಳಿಯ ಹೊಡೆತ. ನಾವು ಪಾರ್ಶ್ವವಾಯು ಎನ್ನುತ್ತೇವೆ. ಆಯುರ್ವೇದವೂ ಪಕ್ಷಾಘಾತವನ್ನು ವಾತರೋಗಗಳಲ್ಲೇ ಸೇರಿಸಿದೆ. ಹಿಮಾಲಯದ ಆಚೆಗೂ ಈಚೆಗೂ ಇದ್ದ ಜನ, ನಿಂತ ಮನುಷ್ಯ ನಿಂತಲ್ಲೇ ಮರದ ಕೊಂಬೆಯಂತೆ ಬಿದ್ದದ್ದನ್ನು ನೋಡಿ, ಕಾಣದ ಗಾಳಿಯೊಂದು ಬೀಸಿರಬೇಕು ಎಂದುಕೊಂಡರು.

ಎರಡನೆಯದು ಆ ಫಲಕದ 5000 ವರ್ಷ. ಚೀನಾದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದರಿಂದ 1973ರಲ್ಲಿ ರೇಷ್ಮೆಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ಮೈಯ ನಾಡಿಮಾರ್ಗಗಳ ವಿವರ ಇದೆ, ಮೂಲಿಕೆ ಸುಟ್ಟು ಕಾವು ಕೊಡುವ ವಿಧಾನ ಇದೆ. ಸೂಜಿ ಚುಚ್ಚುವ ಮಾತಿಲ್ಲ. ಸೂಜಿಯ ಶಾಸ್ತ್ರ ವಿವರವಾಗಿ ಬರುವುದು ‘ಹುವಾಂಗ್‌ದಿ ನೈಚಿಂಗ್’ ಎಂಬ ಗ್ರಂಥದಲ್ಲಿ, ಸುಮಾರು ಎರಡು ಸಾವಿರ ವರ್ಷದ ಹಿಂದೆ. ಆಮೇಲೂ ಅದರ ದಾರಿ ನೇರವಾಗಿರಲಿಲ್ಲ. 1822ರಲ್ಲಿ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನು ಹೊರಗೆ ಹಾಕಿಸಿದ. 1929ರಲ್ಲಿ ಸರ್ಕಾರದ ಆರೋಗ್ಯ ಸಮಿತಿ ಚೀನೀ ವೈದ್ಯವನ್ನೇ ನಿಲ್ಲಿಸುವ ನಿರ್ಣಯ ಮಾಡಿತು. ವೈದ್ಯರೆಲ್ಲ ಒಟ್ಟಾಗಿ ಪ್ರತಿಭಟಿಸಿದ ಮೇಲೆ ಅದು ಜಾರಿಗೆ ಬರಲಿಲ್ಲ. ಇಂದು ನಾವು ಒಂದೇ ಹೆಸರಿನಲ್ಲಿ ಕರೆಯುವ ‘ಸಾಂಪ್ರದಾಯಿಕ ಚೀನೀ ವೈದ್ಯ’ಕ್ಕೆ ಈ ರೂಪ ಕೊಟ್ಟದ್ದು 1950ರ ದಶಕದ ಮಾವೋ ಸರ್ಕಾರ. ಅಂದರೆ ಚೀನೀಯರೇ ಅದನ್ನು ನಂಬಿದ್ದಾರೆ, ಬಿಟ್ಟಿದ್ದಾರೆ, ಜಗಳವಾಡಿದ್ದಾರೆ. ಫಲಕದಲ್ಲಿ ಜಗಳ ಇರುವುದಿಲ್ಲ.

ಆ ಜಗಳಗಳ ನಡುವೆಯೂ ಹಾಳಾಗದೆ ಉಳಿದ ಒಂದು ವಿಚಾರ ನೈಚಿಂಗ್‌ನಲ್ಲಿದೆ. ಉತ್ತಮ ವೈದ್ಯ ಬಂದ ರೋಗಕ್ಕಲ್ಲ, ಬರಲಿರುವ ರೋಗಕ್ಕೆ ಚಿಕಿತ್ಸೆ ಮಾಡುತ್ತಾನೆ ಎಂಬುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡ ಎಂದು ನಮ್ಮ ಗಾದೆಯೂ ಹೇಳುತ್ತದಲ್ಲ, ಅದೇ. ಈ ವಿಚಾರಕ್ಕೆ ಅಂಟಿಕೊಂಡ ಎರಡು ಕಥೆಗಳಿವೆ. ಎರಡೂ ಬಿಯಾನ್ ಚುವೆ ಎಂಬ ಪ್ರಸಿದ್ಧ ವೈದ್ಯನವು.

ಒಂದನೆಯದನ್ನು ಇತಿಹಾಸಕಾರ ಸೀಮಾ ಚಿಯೆನ್ ಬರೆದಿಟ್ಟಿದ್ದಾನೆ. ಬಿಯಾನ್ ಚುವೆ ಒಬ್ಬ ದೊರೆಯನ್ನು ನೋಡಿ, ನಿಮಗೆ ಕಾಯಿಲೆ ಇದೆ, ಇನ್ನೂ ಚರ್ಮದ ಮಟ್ಟದಲ್ಲಿದೆ ಎನ್ನುತ್ತಾನೆ. ದೊರೆ, ನನಗೇನೂ ಇಲ್ಲ ಎನ್ನುತ್ತಾನೆ. ವೈದ್ಯ ಹೋದ ಮೇಲೆ ಪಕ್ಕದವರಿಗೆ, ಇವರಿಗೆ ಹಣದಾಸೆ, ಕಾಯಿಲೆ ಇಲ್ಲದವರನ್ನು ಗುಣಪಡಿಸಿ ಹೆಸರು ಮಾಡಿಕೊಳ್ಳುತ್ತಾರೆ ಎಂದು ನಗುತ್ತಾನೆ. ಐದು ದಿನ ಬಿಟ್ಟು ಬಂದ ವೈದ್ಯ, ಅದೀಗ ರಕ್ತನಾಳಕ್ಕೆ ಇಳಿದಿದೆ ಎನ್ನುತ್ತಾನೆ. ಮತ್ತೆ ಐದು ದಿನಕ್ಕೆ, ಹೊಟ್ಟೆ ಕರುಳಿಗೆ ಬಂದಿದೆ ಎನ್ನುತ್ತಾನೆ. ನಾಲ್ಕನೆಯ ಸಲ ದೊರೆಯನ್ನು ದೂರದಿಂದ ನೋಡಿ ಒಂದೂ ಮಾತಾಡದೆ ಓಡಿಹೋಗುತ್ತಾನೆ. ಅದು ಮೂಳೆಯ ಮಜ್ಜೆಗೆ ಇಳಿದಿತ್ತು. ದೊರೆ ಉಳಿಯಲಿಲ್ಲ.

ಎರಡನೆಯದು ‘ಹೆಗುವಾನ್‌ಝಿ’ ಎಂಬ ಹಳೆಯ ಗ್ರಂಥದ್ದು. ನೀವು ಮೂವರು ಅಣ್ಣತಮ್ಮಂದಿರಲ್ಲಿ ಯಾರು ಒಳ್ಳೆಯ ವೈದ್ಯರು ಎಂದು ರಾಜನೊಬ್ಬ ಬಿಯಾನ್ ಚುವೆಯನ್ನೇ ಕೇಳುತ್ತಾನೆ. ಅವನ ಉತ್ತರದ ತಾತ್ಪರ್ಯ ಇದು: ದೊಡ್ಡಣ್ಣ ಕಾಯಿಲೆ ರೂಪು ತಳೆಯುವ ಮೊದಲೇ ತೆಗೆದುಬಿಡುತ್ತಾನೆ, ಹಾಗಾಗಿ ಅವನ ಹೆಸರು ಮನೆಯಿಂದ ಹೊರಗೆ ಯಾರಿಗೂ ಗೊತ್ತಿಲ್ಲ. ನಡುವಿನವನು ಕಾಯಿಲೆ ಕೂದಲೆಳೆಯಷ್ಟಿರುವಾಗ ವಾಸಿ ಮಾಡುತ್ತಾನೆ, ಅವನ ಹೆಸರು ಓಣಿ ದಾಟಿಲ್ಲ. ನಾನು ನಾಳಕ್ಕೆ ಚುಚ್ಚುತ್ತೇನೆ, ಕಟು ಔಷಧಿ ಕುಡಿಸುತ್ತೇನೆ, ಚರ್ಮ ಕುಯ್ಯುತ್ತೇನೆ. ಅದಕ್ಕೇ ನನ್ನ ಹೆಸರು ರಾಜರವರೆಗೂ ಬಂದಿದೆ.

ಈ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪನ ಔಷಧಿ ಡಬ್ಬಿಯಲ್ಲಿ ಬಿ.ಪಿ. ಮಾತ್ರೆಯ ಹಳೆಯ ಪಟ್ಟಿಯೊಂದು ಹಾಗೇ ಇತ್ತು. ಹತ್ತು ಮಾತ್ರೆಗಳಲ್ಲಿ ಏಳು ಉಳಿದಿದ್ದವು. ಎಂಟು ತಿಂಗಳ ಹಿಂದೆ ಅಪ್ಪ ಅದನ್ನು ನಿಲ್ಲಿಸಿದ್ದರು. ಯಾಕೆ ಎಂದರೆ, “ಚೆನ್ನಾಗೇ ಇದೀನಲ್ಲೋ, ಸುಮ್ನೆ ಯಾಕೆ ನುಂಗೋದು? ಡಾಕ್ಟ್ರುಗಳಿಗೆ ಅದೇ ಕೆಲಸ” ಎಂದಿದ್ದರು. ದೊರೆ ಹೇಳಿದ್ದೂ ಅದೇ ತಾನೆ? ನಾನು ಫೋನಿನಲ್ಲಿ, “ಸರಿ, ನಿಮ್ಮಿಷ್ಟ” ಎಂದು ಬೇರೆ ಮಾತಿಗೆ ಹೋಗಿದ್ದೆ. ರಕ್ತದೊತ್ತಡ ಮೆದುಳಿನ ಆಘಾತಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಎಂದು ನನಗೆ ಗೊತ್ತಿತ್ತು. ಆದರೆ ಆ ಮಾತ್ರೆ ಕೆಲಸ ಮಾಡಿದಷ್ಟು ದಿನ ಏನೂ ಆಗಿರಲಿಲ್ಲ. ಏನೂ ಆಗದಿರುವುದಕ್ಕೆ ಯಾರು ಕೃತಜ್ಞತೆ ಹೇಳುತ್ತಾರೆ? ಅದು ಹೆಸರಿಲ್ಲದ ದೊಡ್ಡಣ್ಣ.

ಚೀನೀ ವೈದ್ಯದಲ್ಲಿ ಲಕ್ವದ ಬಗ್ಗೆ ತಲೆಕೆಡಿಸಿಕೊಂಡವರಲ್ಲಿ ನನಗೆ ಬಹಳ ಹತ್ತಿರದವನೆನಿಸಿದ್ದು ವಾಂಗ್ ಚಿಂಗ್‌ರೆನ್. 1768ರಲ್ಲಿ ಹುಟ್ಟಿ 1831ರಲ್ಲಿ ತೀರಿಕೊಂಡವನು. ಹಳೆಯ ಗ್ರಂಥಗಳಲ್ಲಿ ಒಳ ಅಂಗಗಳ ವಿವರ ತಪ್ಪಿದೆ ಎಂಬ ಅನುಮಾನ ಅವನಿಗೆ. 1797ರಲ್ಲಿ ಲುವಾನ್‌ಝೌ ಎಂಬಲ್ಲಿ ಸಾಂಕ್ರಾಮಿಕ ಬಂದು ಮಕ್ಕಳು ಸಾಯುತ್ತಿದ್ದಾಗ, ಮೇಲುಮೇಲೆ ಹೂತು ನಾಯಿಗಳು ಎಳೆದುಹಾಕಿದ್ದ ಶವಗಳನ್ನು ಬೆಳಿಗ್ಗೆ ಬೆಳಿಗ್ಗೆ ಹೋಗಿ ನೋಡಿದ. ಆಮೇಲೆ ಮರಣದಂಡನೆಯ ಜಾಗಗಳಿಗೂ ಹೋದ. ಸಾಯುವ ಹಿಂದಿನ ವರ್ಷ ಪ್ರಕಟವಾದ ಅವನ ಪುಸ್ತಕದ ಹೆಸರು ‘ಯಿಲಿನ್ ಗೈಚುವೊ’, ವೈದ್ಯದ ತಪ್ಪುಗಳ ತಿದ್ದುಪಡಿ. ನೆನಪು ಇರುವುದು ಮೆದುಳಿನಲ್ಲಿ ಎಂದು ಅವನು ಸರಿಯಾಗಿ ಕಂಡ. ಸತ್ತವರ ಅಪಧಮನಿಗಳು ಬರಿದಾಗಿರುವುದನ್ನು ನೋಡಿ ಅವುಗಳಲ್ಲಿ ಹರಿಯುವುದು ರಕ್ತವಲ್ಲ, ಚಿ ಎಂದು ತಪ್ಪಾಗಿ ಕಂಡ. ಅರ್ಧಾಂಗ ವಾಯುವಿಗೆ ಕಾರಣ ಹೊರಗಿನ ಗಾಳಿಯಲ್ಲ, ಮೈಯ ಚಿ ಅರ್ಧಕ್ಕೆ ಇಳಿದು ಒಂದೇ ಪಕ್ಕಕ್ಕೆ ಸೇರಿಕೊಳ್ಳುವುದು ಎಂದು ವಾದಿಸಿ ಏಳು ವಸ್ತುಗಳ ಕಷಾಯವೊಂದನ್ನು ಬರೆದ. ಅದರಲ್ಲಿ ಬಹುಪಾಲು ಹುವಾಂಗ್‌ಚಿ ಎಂಬ ಬೇರು. ಉಳಿದವು ಸ್ವಲ್ಪ ಸ್ವಲ್ಪ. ಆ ಸ್ವಲ್ಪದಲ್ಲಿ ಎರೆಹುಳುವೂ ಇದೆ, ನಮ್ಮ ಉತ್ತರ ಕರ್ನಾಟಕದ ಹೊಲಗಳ ಕುಸುಬೆ ಹೂವೂ ಇದೆ. ಚೀನಾದಲ್ಲಿ ಇಂದಿಗೂ ಅದನ್ನು ಕೊಡುತ್ತಾರೆ.

ಆದರೆ ನನಗೆ ಮುಖ್ಯವೆನಿಸಿದ್ದು ಆ ಕಷಾಯವಲ್ಲ. ಲಕ್ವ ಬರುವ ಮೊದಲಿನ ಸೂಚನೆಗಳಿಗೆಂದೇ ಅವನು ಒಂದು ಭಾಗ ಮೀಸಲಿಟ್ಟಿದ್ದಾನೆ. ರೋಗಿಗಳನ್ನು ಕೇಳಿ ಕೇಳಿ ಮಾಡಿದ ಪಟ್ಟಿ: ಒಮ್ಮೊಮ್ಮೆ ತಲೆ ತಿರುಗುವುದು, ಕಿವಿಯಲ್ಲಿ ಸದ್ದು, ರೆಪ್ಪೆ ಅದುರುವುದು, ಬೆರಳು ನಡುಗುವುದು. ಇವುಗಳಿಂದ ನೋವಿಲ್ಲ, ನವೆಯಿಲ್ಲ, ಊಟಕ್ಕೆ ಅಡ್ಡಿಯಿಲ್ಲ, ಆದ್ದರಿಂದಲೇ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವನ ಕೊರಗು. ರಕ್ತದೊತ್ತಡ ಅಳೆಯುವ ಪಟ್ಟಿ ಇನ್ನೂ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ದೊಡ್ಡಣ್ಣನ ಕೆಲಸ ಮಾಡಲು ಒದ್ದಾಡುತ್ತಿದ್ದ. ಅವನ ಪಟ್ಟಿಯಲ್ಲಿ ಎಲ್ಲವೂ ಲಕ್ವದ ಮುನ್ಸೂಚನೆಯಲ್ಲದಿರಬಹುದು. ಆದರೆ ಆ ಪಟ್ಟಿ ಮಾಡಿದ ಮನಸ್ಸು ಸರಿಯಾದ ಕಡೆ ನೋಡುತ್ತಿತ್ತು.

ಈಗ ಅಪ್ಪನ ಹೆಬ್ಬೆರಳಿಗೆ ಬರೋಣ. ಮೆದುಳಿಗೆ ರಕ್ತ ಹೋಗುವ ನಾಳವೊಂದು ಕಟ್ಟಿಕೊಂಡರೆ, ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ. ಸತ್ತವು ಮರಳುವುದಿಲ್ಲ. ಆದರೆ ಅಂಚಿನಲ್ಲಿ ಮಂಕಾಗಿದ್ದ ಕೋಶಗಳು ಬಾವು ಇಳಿದ ಮೇಲೆ ಚೇತರಿಸಿಕೊಳ್ಳಬಹುದು, ಉಳಿದ ಭಾಗಗಳು ಹೊಸ ಕೆಲಸ ಕಲಿಯಬಹುದು. ಈ ಚೇತರಿಕೆ ಬಹುತೇಕರಲ್ಲಿ ಬಿರುಸಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಅಪ್ಪನ ಬೆರಳು ಅಲುಗಿದ್ದು ಆ ಮೂರು ತಿಂಗಳ ನಟ್ಟನಡುವೆ. ಅದೇ ದಿನಗಳಲ್ಲಿ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಒಂದು ಗಂಟೆ ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದಳು. “ಮಾಡಿ ಸಾರ್, ಮನಸ್ಸಲ್ಲಾದ್ರೂ ಮಾಡಿ” ಎಂದು ಗದರುತ್ತಿದ್ದಳು. ಅಮ್ಮ ರಾತ್ರಿ ಎರಡು ಸಲ ಎದ್ದು ಅಪ್ಪನನ್ನು ಮಗ್ಗುಲು ತಿರುಗಿಸುತ್ತಿದ್ದರು. ‘ಸೂಜಿ ಕೆಲಸ ಮಾಡ್ತು’ ಎಂದು ಅಪ್ಪ ಆ ಹುಡುಗಿಯ ಮುಂದೆಯೇ ಹೇಳಿದಾಗ ಅವಳು ನಕ್ಕು ಸುಮ್ಮನಾದಳು. ಅವಳ ಮುಖ ನೋಡಿ ನನಗೆ ಮೊದಲ ಸಲ ಮುಜುಗರವಾಯಿತು.

ಹಾಗಾದರೆ ಸೂಜಿ ಏನೂ ಮಾಡಲಿಲ್ಲವೆ? ಹಾಗೂ ಹೇಳಲಾರೆ. ಲಕ್ವಕ್ಕೆ ಸೂಜಿ ಚಿಕಿತ್ಸೆಯನ್ನು ಚೀನಾದಲ್ಲಿ ಗಂಭೀರವಾಗಿ ಬೆಳೆಸಿದವರಿದ್ದಾರೆ. ಸುಮಾರು 1970ರ ಹೊತ್ತಿಗೆ ಶಾನ್‌ಶಿ ಪ್ರಾಂತ್ಯದ ಜಿಯಾವೊ ಶುನ್‌ಫಾ, ಮೆದುಳಿನ ಯಾವ ಭಾಗ ಕೈಕಾಲು ಆಡಿಸುತ್ತದೋ ಅದರ ಮೇಲಿನ ನೆತ್ತಿಯ ಚರ್ಮಕ್ಕೆ ಸೂಜಿ ಹಾಕುವ ಪದ್ಧತಿ ತಂದರು. 1972ರಲ್ಲಿ ತಿಯಾನ್‌ಜಿನ್‌ನ ಶಿ ಶ್ಯೂಮಿನ್ ಲಕ್ವದವರಿಗೆಂದೇ ಇನ್ನೊಂದು ಕ್ರಮ ರೂಪಿಸಿದರು. ಈ ಬಗೆಯ ಚಿಕಿತ್ಸೆಗಳ 31 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಪರಿಶೀಲನೆ 2016ರಲ್ಲಿ ಬಂತು. ಸ್ವಲ್ಪ ಪ್ರಯೋಜನ ಇರಬಹುದು, ಆದರೆ ಪ್ರಯೋಗಗಳ ಗುಣಮಟ್ಟ ಕಡಿಮೆ, ಎಲ್ಲರಿಗೂ ಕೊಡಿ ಎನ್ನುವಷ್ಟು ಆಧಾರ ಇಲ್ಲ ಎಂಬುದು ಅದರ ಸಾರ. ನೋವಿನ ವಿಷಯದಲ್ಲಿ ಇನ್ನೂ ಕುತೂಹಲದ ಸಂಗತಿ ಇದೆ. 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗವೊಂದರಲ್ಲಿ ಬೆನ್ನುನೋವಿನ 1162 ಜನರನ್ನು ಮೂರು ಗುಂಪು ಮಾಡಿದ್ದರು. ಶಾಸ್ತ್ರದ ಪ್ರಕಾರ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 47.6 ಜನಕ್ಕೆ ಗುಣ ಕಂಡಿತು. ಬಿಂದುಗಳಲ್ಲದ ಕಡೆ ಸುಮ್ಮನೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾತ್ರೆ ವ್ಯಾಯಾಮಗಳ ಮಾಮೂಲಿ ಚಿಕಿತ್ಸೆಯವರಲ್ಲಿ 27.4. ಸೂಜಿ ಪಕ್ಷದವರು ಮೊದಲನೆಯ ಮತ್ತು ಮೂರನೆಯ ಅಂಕಿ ಹೇಳುತ್ತಾರೆ. ವಿರೋಧಿಗಳು ಮೊದಲನೆಯ ಮತ್ತು ಎರಡನೆಯ ಅಂಕಿ ಹೇಳುತ್ತಾರೆ. ಮೂರನ್ನೂ ಒಟ್ಟಿಗೆ ನೋಡಿದರೆ ನನಗೆ ಕಾಣುವುದು ಬೇರೆ: ಚುಕ್ಕೆ ಎಲ್ಲಿದೆ ಎಂಬುದಕ್ಕಿಂತ, ಒಬ್ಬ ಮನುಷ್ಯ ಇನ್ನೊಬ್ಬನ ಮೈಗೆ ಕೈಯಿಟ್ಟು, ಹೊತ್ತು ಕೊಟ್ಟು, ಇದರಿಂದ ಗುಣವಾಗುತ್ತದೆ ಎಂದು ಕೂತದ್ದು ಹೆಚ್ಚು ಕೆಲಸ ಮಾಡಿರಬಹುದು. ಅದು ಸಣ್ಣದಲ್ಲ. ಆದರೆ ಅದಕ್ಕೆ ನಾವು ಕೊಡುತ್ತಿರುವ ಹೆಸರು ಸರಿಯಿಲ್ಲ.

ಹೆಸರು ತಪ್ಪುವುದು ಎಷ್ಟು ಸುಲಭ ನೋಡಿ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಮರವು ಮಾಡಿದ್ದು ಮಾಮೂಲಿ ಇಂಜೆಕ್ಷನ್. ಆಮೇಲೆ ಹೊಟ್ಟೆ ಉಬ್ಬರಿಸಿ ತೊಂದರೆಯಾದಾಗ ಸೂಜಿ ಹಾಕಿದರು. ಅವರು ಇದನ್ನು ಸ್ಪಷ್ಟವಾಗಿಯೇ ಬರೆದರು. ಆದರೆ ಅಮೆರಿಕದಲ್ಲಿ ಹಬ್ಬಿದ ಕಥೆ, ರೆಸ್ಟನ್‌ಗೆ ಸೂಜಿಯಿಂದಲೇ ಮರವು ಮಾಡಿ ಹೊಟ್ಟೆ ಕುಯ್ದರಂತೆ ಎಂದು. ಬಾಯಿಂದ ಬಾಯಿಗೆ ಹೋಗುವಾಗ ಇಂಜೆಕ್ಷನ್ ಉದುರಿಹೋಯಿತು, ಸೂಜಿ ಉಳಿಯಿತು. ನಮ್ಮ ಮನೆಯ ಕಥೆಯಲ್ಲಿ ಫಿಸಿಯೋಥೆರಪಿಯ ಹುಡುಗಿ ಉದುರಿಹೋದಂತೆ.

ಸಾಹಿತ್ಯ ಓದುವವರಿಗೆ ಇಲ್ಲಿ ಲು ಶುನ್ ನೆನಪಾಗಬೇಕು. ಅವರ ತಂದೆ ತೀರಿಕೊಂಡದ್ದು 1896ರಲ್ಲಿ, ಲು ಶುನ್ ಇನ್ನೂ ಹದಿಹರೆಯದಲ್ಲಿದ್ದಾಗ. ಊರಿನ ಹೆಸರಾಂತ ವೈದ್ಯರು ಬರೆದುಕೊಟ್ಟ ವಸ್ತುಗಳಿಗಾಗಿ ಆ ಹುಡುಗ ಅಲೆದ: ಮೂರು ವರ್ಷ ಇಬ್ಬನಿ ಹೆಪ್ಪುಗಟ್ಟಿದ ಕಬ್ಬು, ಮೊದಲಿನಿಂದಲೂ ಒಂದೇ ಜೋಡಿಯಾಗಿದ್ದ ಜೀರುಂಡೆಗಳು. ತಂದೆಯ ಹೊಟ್ಟೆ ನಗಾರಿಯಂತೆ ಊದಿಕೊಂಡಾಗ ಹರಿದ ನಗಾರಿಯ ಚರ್ಮದಿಂದ ಮಾಡಿದ ಗುಳಿಗೆ. ಮನೆಯ ಸಾಮಾನು ಅಡವಿಗೆ ಹೋದವು, ತಂದೆಯೂ ಉಳಿಯಲಿಲ್ಲ. ಆ ಸಿಟ್ಟಿನಲ್ಲೇ ಅವರು ಜಪಾನಿಗೆ ಹೋಗಿ ಆಧುನಿಕ ವೈದ್ಯ ಓದಲು ಸೇರಿದರು. 1906ರಲ್ಲಿ ಅದನ್ನೂ ಬಿಟ್ಟು ಬರವಣಿಗೆಗೆ ಬಂದರು. 30 ವರ್ಷದ ಮೇಲೆ ‘ತಂದೆಯ ಕಾಯಿಲೆ’ ಎಂಬ ಪ್ರಬಂಧ ಬರೆದಾಗಲೂ ಆ ನೋವು ಆರಿರಲಿಲ್ಲ.

ಅದೇ ಪರಂಪರೆಯ ಇನ್ನೊಬ್ಬ ಮಗಳು ತು ಯೂಯೂ. 1969ರಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುವ ಕೆಲಸಕ್ಕೆ ಸೇರಿ, ಹಳೆಯ ಗ್ರಂಥಗಳನ್ನೆಲ್ಲ ಜಾಲಾಡಿದರು. ನಾಲ್ಕನೆಯ ಶತಮಾನದ ಗೆ ಹೊಂಗ್ ಬರೆದ ಪುಸ್ತಕದಲ್ಲಿ ಒಂದು ಮೂಲಿಕೆಯನ್ನು ಕುದಿಸದೆ, ತಣ್ಣೀರಿನಲ್ಲಿ ನೆನೆಸಿ ಹಿಂಡಿ ಕುಡಿಯುವ ಸೂಚನೆ ಸಿಕ್ಕಿತು. ಕುದಿಸಿದರೆ ಗುಣ ಕೆಡುತ್ತದೋ ಏನೋ ಎಂದು ಹೊಳೆದು, ಕಡಿಮೆ ಶಾಖದಲ್ಲಿ ಸಾರ ತೆಗೆದರು. ಮನುಷ್ಯರಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು. ಆರ್ಟೆಮಿಸಿನಿನ್ ಬಂದದ್ದು ಹಾಗೆ, 2015ರಲ್ಲಿ ನೊಬೆಲ್. ಇವರು ಪರಂಪರೆಗೆ ಕೈಮುಗಿದೂ ನಿಲ್ಲಲಿಲ್ಲ, ಅದನ್ನು ತಿಪ್ಪೆಗೂ ಎಸೆಯಲಿಲ್ಲ. ಅದನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದರು. ಹಳೆಯ ವೈದ್ಯಕ್ಕೆ ಕೊಡಬಹುದಾದ ನಿಜವಾದ ಮರ್ಯಾದೆ ಅದೇ ಇರಬೇಕು.

ಈಗ ಎದುರು ಮನೆಯ ಕಥೆ.

ಅಪ್ಪ ಕೋಲು ಹಿಡಿದು ನಡೆಯತೊಡಗಿದ ಮೇಲೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಸೂಜಿಯ ಮಹಿಮೆ ಹೇಳುತ್ತಿದ್ದರು. ಎದುರು ಮನೆಯ ಯಜಮಾನರಿಗೆ 63 ವಯಸ್ಸು. ಒಂದು ದಿನ ಬೆಳಿಗ್ಗೆ ಆರಕ್ಕೆ ಹಲ್ಲುಜ್ಜುವಾಗ ಬಾಯಿಂದ ನೀರು ಒಂದೇ ಕಡೆ ಸೋರಿತಂತೆ, ಬಲಗೈಯಿಂದ ಚೊಂಬು ಜಾರಿತಂತೆ. ಅವರ ಹೆಂಡತಿ ಓಡಿಬಂದದ್ದು ನಮ್ಮ ಮನೆಗೆ. “ಮೇಷ್ಟ್ರೇ, ನಿಮಗೆ ಆದಂಗೇ ಆಗಿದೆ. ನಿಮ್ಮ ಸೂಜಿ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?” ಅಪ್ಪ, “ಹತ್ತಕ್ಕೆ ಬಾಗಿಲು ತೆಗೀತಾರಮ್ಮ, ನೀವೇ ಮೊದಲನೆಯವರಾಗಿ ಹೋಗಿ” ಎಂದರು. ಅವರು ಯಜಮಾನರನ್ನು ಮಲಗಿಸಿ ಹತ್ತರವರೆಗೆ ಕಾದರು. ಸೂಜಿ ವೈದ್ಯರು ನೋಡಿದ ತಕ್ಷಣ, “ಇಲ್ಲಿಗೆ ಯಾಕೆ ತಂದ್ರಿ! ಮೊದಲು ಆಸ್ಪತ್ರೆಗೆ ನಡೀರಿ” ಎಂದು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಹೋಗಿ ಸ್ಕ್ಯಾನ್ ಮಾಡುವಷ್ಟರಲ್ಲಿ ಹನ್ನೊಂದಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ. ಅದು ಹತ್ತೂವರೆಗೇ ಮುಗಿದಿತ್ತು.

ಅವರು ಬದುಕಿದ್ದಾರೆ. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ. ಇಂಜೆಕ್ಷನ್ ಸಿಕ್ಕಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಕೊಟ್ಟವರೆಲ್ಲರೂ ಪೂರ್ತಿ ಗುಣವಾಗುವುದಿಲ್ಲ. ಆ ಮನೆಯವರು ಅಪ್ಪನನ್ನು ಇಂದಿಗೂ ಒಂದು ಮಾತು ಅಂದಿಲ್ಲ. ಸಂಜೆ ಕಾಫಿ ಕೊಡುತ್ತಾರೆ. ಅದೇ ಅಪ್ಪನಿಗೆ ತಡೆದುಕೊಳ್ಳಲಾಗದ್ದು.

ಆ ವಾರ ನಾನು ಊರಿಗೆ ಹೋದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು. ಬಹಳ ಹೊತ್ತಿನ ಮೇಲೆ, “ಹತ್ತನೇ ಕ್ಲಾಸಿನ ಹುಡುಗರಿಗೆ ಪ್ರತಿ ವರ್ಷ ಹೇಳ್ತಿದ್ದೆ ಕಣೋ. ಒಂದು ಉದಾಹರಣೆ ಕೊಟ್ಟರೆ ಪ್ರಮೇಯ ಸಾಧಿಸಿದ ಹಾಗಾಗಲ್ಲ ಅಂತ. ಮಾರ್ಕ್ಸು ಕಿತ್ಕೋತಿದ್ದೆ. ಈಗ ನಾನೇ ಅದನ್ನ ಮಾಡ್ದೆ” ಎಂದರು.

“ನೀವು ಸುಳ್ಳು ಹೇಳಲಿಲ್ಲವಲ್ಲಪ್ಪ” ಎಂದೆ.

“ಸುಳ್ಳು ಹೇಳಿದ್ರೆ ಯಾರೂ ನಂಬ್ತಿರಲಿಲ್ಲ. ನಿಜ ಅಂದ್ಕೊಂಡು ಹೇಳ್ದೆ, ಅದಕ್ಕೇ ನಂಬಿದ್ರು.”

ನಾನು ಉತ್ತರ ಕೊಡಲಿಲ್ಲ. ಆ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದವನು ನಾನು. ಬೆರಳು ಅಲುಗಿದ ದಿನ ‘ಹೌದು’ ಎಂದು ತಲೆಯಾಡಿಸಿದವನೂ ನಾನು. ರಾತ್ರಿಯೆಲ್ಲ ಓದಿ ತಿಳಿದುಕೊಂಡದ್ದನ್ನು ಅಪ್ಪನಿಗೆ ಹೇಳದೇ ಇಟ್ಟುಕೊಂಡವನೂ ನಾನೇ. ಯಾಕೆ ಅವರ ಭರವಸೆ ಕೆಡಿಸುವುದು ಎಂದು. ಭರವಸೆ ಬೇರೆ, ಸಾಕ್ಷ್ಯ ಬೇರೆ ಎಂದು ಮೆತ್ತಗೆ ಹೇಳಬಹುದಿತ್ತು. ಹೇಳಿದ್ದರೆ ಅಪ್ಪನ ಭರವಸೆಯೇನೂ ಕೆಡುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಕಾಯಿಲೆಯವನಿಗೆ ಬೇಕಾದ ಭರವಸೆ ‘ನಿನ್ನ ಕೈಯನ್ನು ನಾವು ಬಿಟ್ಟಿಲ್ಲ’ ಎಂಬುದು. ಅದಕ್ಕೆ 5000 ವರ್ಷದ ಫಲಕ ಬೇಕಾಗಿಲ್ಲ. ಕೃತಜ್ಞತೆಗೆ ಒಂದು ಮುಖ ಬೇಕು. ಕಣ್ಣಿಗೆ ಕಂಡವರಿಗೆ ಅದನ್ನು ಕೊಡುತ್ತೇವೆ. ಕೊಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಮಾತನ್ನು ಇನ್ನೊಬ್ಬರಿಗೆ ದಾರಿ ತೋರಿಸಲು ಬಳಸುವಾಗ ಅದು ಸಾಕ್ಷಿಯಾಗುತ್ತದೆ. ಸಾಕ್ಷಿ ಹೇಳುವವನು ತನಗೆ ಎಷ್ಟು ಗೊತ್ತು ಎನ್ನುವುದನ್ನೂ ಹೇಳಬೇಕು. ಇದನ್ನು ಚೀನೀ ವೈದ್ಯದ ಹೊರಗೆ ನಿಂತು ಹೇಳುತ್ತಿಲ್ಲ. ಹೆಸರು ಮಾಡಿದವನೇ ಉತ್ತಮ ವೈದ್ಯನಲ್ಲ ಎಂದು ಎರಡು ಸಾವಿರ ವರ್ಷದ ಹಿಂದೆ ಆ ಪರಂಪರೆಯ ಬಾಯಿಂದಲೇ ಬಂದಿತ್ತು.

ಅಪ್ಪ ಈಗಲೂ ತಿಂಗಳಿಗೊಮ್ಮೆ ಆ ಮಹಡಿ ಹತ್ತುತ್ತಾರೆ, ತಾವೇ ನಡೆದು. ಯಾಕೆ ಎಂದು ಕೇಳಿದರೆ, “ಅವರು ಕೈ ಹಿಡ್ಕೊಂಡು ಮಾತಾಡಿಸ್ತಾರೆ, ಹಿತವಾಗತ್ತೆ” ಎನ್ನುತ್ತಾರೆ. ಅಷ್ಟೇ ಹೇಳುತ್ತಾರೆ, ಅದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ. ಬೀದಿಯವರಿಗೆ ಹೇಳುವುದು ಬೇರೆ: ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ, ಯಾರನ್ನೂ ಕೇಳಬೇಡಿ, ನನ್ನನ್ನೂ ಕೇಳಬೇಡಿ. ಫಿಸಿಯೋಥೆರಪಿಯ ಹುಡುಗಿಗೆ ದೀಪಾವಳಿಗೆ ಸೀರೆ ಕೊಟ್ಟು, ಬೆರಳು ಮಡಿಸಿ ತೋರಿಸಿದರು. ಸಂಜೆ ಎದುರು ಮನೆಗೆ ಹೋಗಿ ಯಜಮಾನರ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅವಳು ಕಲಿಸಿದಂತೆ ಒಂದೊಂದೇ ಬೆರಳು ಮಡಿಸಿ ಬಿಡಿಸುತ್ತಾರೆ.

ಬಿ.ಪಿ. ಮಾತ್ರೆ ನುಂಗಿದ ದಿನಗಳಿಗೆ ಈಗ ಕ್ಯಾಲೆಂಡರಿನಲ್ಲಿ ಗೀಟು ಬೀಳುತ್ತಿದೆ. ಹೋದ ತಿಂಗಳು ಫೋನ್ ಮಾಡಿ, “ನಿನಗೆಷ್ಟು ವಯಸ್ಸು ಈಗ? 46 ಅಲ್ವಾ? ಬಿ.ಪಿ. ನೋಡಿಸಿದ್ಯಾ?” ಎಂದು ಕೇಳಿದರು. ನೋಡಿಸಿರಲಿಲ್ಲ. ಚೆನ್ನಾಗೇ ಇದ್ದೀನಲ್ಲ ಎಂದು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ. ಮರುದಿನ ನೋಡಿಸಿದೆ. 150, 96. ಈಗ ನನ್ನ ಮೇಜಿನ ಮೇಲೂ ಒಂದು ಮಾತ್ರೆಯ ಪಟ್ಟಿ ಇದೆ. ದಿನಾ ಬೆಳಿಗ್ಗೆ ಒಂದು ನುಂಗುತ್ತೇನೆ. ಇಲ್ಲಿಯವರೆಗೆ ಏನೂ ಆಗಿಲ್ಲ.